ಅಳತೆಯ ಮನೆಮದ್ದು: ನನ್ನ ಅನುಭವ

ಮನೆಮದ್ದಿನ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ನನ್ನದೇ ತಪ್ಪಿನಿಂದ ಬಂದದ್ದು. ಮಗನಿಗೆ ಆಗ ನಾಲ್ಕು ವರ್ಷ. ಬೆಳಗಿನಿಂದ ಐದಾರು ಸಲ ಭೇದಿಯಾಗಿ ಮಗು ಸೋತು ಮಲಗಿತ್ತು. ಉಪ್ಪು ಸಕ್ಕರೆ ಬೆರೆಸಿದ ನೀರು ಕೊಡಬೇಕು ಎಂಬುದು ಎಲ್ಲರಂತೆ ನನಗೂ ಗೊತ್ತಿತ್ತು, ಆದರೆ ಯಾವುದು ಎಷ್ಟೆಂಬುದು ಗೊತ್ತಿರಲಿಲ್ಲ. ಒಂದು ಲೋಟ ನೀರಿಗೆ ಕೈಗೆ ಬಂದಷ್ಟು ಉಪ್ಪು, ಮೇಲೊಂದು ಚಮಚ ಸಕ್ಕರೆ ಹಾಕಿ ಕದಡಿ ಕುಡಿಸಿದೆ. ಎರಡು ಗುಟುಕಿಗೇ ಮಗು ಮುಖ ಕಿವುಚಿಕೊಂಡು ವಾಂತಿ ಮಾಡಿತು. ಆಮೇಲೆ ನಾನೇ ಬಾಯಿಗೆ ಹಾಕಿ ನೋಡಿದರೆ ನಾಲಿಗೆ ಒಗರುವಷ್ಟು ಉಪ್ಪಾಗಿತ್ತು. ಸಂಜೆ ವೈದ್ಯರ ಬಳಿ ಇದನ್ನು ಹೇಳಿಕೊಂಡಾಗ ಅವರು ಬೈಯಲಿಲ್ಲ. ಉಪ್ಪು ಮಿತಿಮೀರಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಭೇದಿಗಿಂತ ದೊಡ್ಡ ಅಪಾಯ ಬರುತ್ತದೆ ಎಂದು ಹೇಳಿ, ಸರಿಯಾದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿಯನ್ನು ಅಂಟಿಸಿದ ಟಿಪ್ಪಣಿ ಪುಸ್ತಕ ಹನ್ನೊಂದು ವರ್ಷಗಳಿಂದ ನಮ್ಮ ಅಡುಗೆಮನೆಯ ಕಪಾಟಿನಲ್ಲಿದೆ. ಅದರಲ್ಲಿ ಬರೆದದ್ದಕ್ಕೆ ಸಮನಾಗಿ ಹೊಡೆದುಹಾಕಿದ್ದೂ ಇದೆ.

ಆ ಚೀಟಿಯ ಅಳತೆ ಇಷ್ಟೇ: ಕುದಿಸಿ ಆರಿಸಿದ 1 ಲೀಟರ್ ನೀರು, ತಲೆ ಸವರಿದ 6 ಚಹಾ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಚಹಾ ಚಮಚ ಉಪ್ಪು. ‘ತಲೆ ಸವರಿದ’ ಎಂಬ ಮಾತಿನಲ್ಲೇ ಇಡೀ ಗುಟ್ಟಿದೆ. ಚಮಚವನ್ನು ಡಬ್ಬಿಯಿಂದ ಹಾಗೆಯೇ ಎತ್ತಿದರೆ ಮೇಲೊಂದು ಗುಡ್ಡ ನಿಂತಿರುತ್ತದೆ, ಆ ಗುಡ್ಡದಲ್ಲೇ ಇನ್ನೊಂದು ಚಮಚದಷ್ಟು ಉಪ್ಪಿರಬಹುದು. ಆದ್ದರಿಂದ ನಾನು ಚಾಕುವಿನ ಬೆನ್ನಿನಿಂದ ಚಮಚದ ಅಂಚಿಗೆ ಸರಿಯಾಗಿ ಒಮ್ಮೆ ಸವರಿ, ಹೆಚ್ಚಿನದು ಡಬ್ಬಿಗೇ ಬೀಳುವಂತೆ ಮಾಡುತ್ತೇನೆ. ಬೆರೆಸಿದ ಮೇಲೆ ಮೊದಲ ಗುಟುಕು ನನ್ನದು. ಅದು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡುತ್ತೇನೆ. ಸರಿಯಾಗಿದ್ದರೂ 24 ಗಂಟೆ ದಾಟಿದ ನೀರನ್ನು ಇಟ್ಟುಕೊಳ್ಳುವುದಿಲ್ಲ.

ಸಕ್ಕರೆ ರುಚಿಗೆಂದು ಹಾಕುವುದು ಎಂದೇ ನಾನು ಬಹಳ ದಿನ ತಿಳಿದಿದ್ದೆ. ವಾಸ್ತವದಲ್ಲಿ ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯಿಂದ ಕರುಳು ಕೆಟ್ಟಿರುವಾಗಲೂ ಈ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ. ಸಕ್ಕರೆ ಹೆಚ್ಚಾದರೆ ಅದು ಕರುಳಿನೊಳಗೇ ಉಳಿದು ದೇಹದ ನೀರನ್ನು ತನ್ನತ್ತ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ, ಆದ್ದರಿಂದ ಸಿಹಿ ಪಾನೀಯಗಳು ಇದಕ್ಕೆ ಬದಲಿಯಾಗಲಾರವು. 1971ರಲ್ಲಿ ಪಶ್ಚಿಮ ಬಂಗಾಳದ ಗಡಿಯ ಊರಾದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹರಡಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬೀಸ್ ಅವರು ಗ್ಲುಕೋಸ್, ಅಡುಗೆ ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ದೊಡ್ಡ ಪೀಪಾಯಿಗಳಲ್ಲಿಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಮನೆಯವರ ಕೈಯಲ್ಲಿರುವ ಚಮಚಕ್ಕೂ ಇಷ್ಟು ಶಕ್ತಿಯಿದೆ ಎಂದು ತಿಳಿದ ಮೇಲೆ ನನಗೆ ಧೈರ್ಯವೂ ಬಂತು, ಅಳತೆಯ ಬಗ್ಗೆ ಭಯವೂ ಬಂತು.

ಕುಡಿಸುವ ರೀತಿಯನ್ನೂ ತಪ್ಪುತ್ತಲೇ ಕಲಿತೆ. ಬಾಯಾರಿದ ಮಗು ಲೋಟವನ್ನು ಒಂದೇ ಉಸಿರಿಗೆ ಖಾಲಿ ಮಾಡಿ, ಅಷ್ಟನ್ನೂ ವಾಂತಿ ಮಾಡುತ್ತದೆ. ಪುಟ್ಟ ಮಕ್ಕಳಿಗೆ ಒಂದೆರಡು ನಿಮಿಷಕ್ಕೊಂದು ಚಮಚ ಕೊಡಬೇಕು, ವಾಂತಿಯಾದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಬೇಕು. ಪ್ರತಿ ಭೇದಿಯ ಬಳಿಕ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಎಂದು ಲೆಕ್ಕ ಇಡುತ್ತೇನೆ. ಔಷಧ ಅಂಗಡಿಯ ಓಆರ್‌ಎಸ್ ಪೊಟ್ಟಣದಲ್ಲಿ ಪೊಟ್ಯಾಷಿಯಂ ಮತ್ತು ಸಿಟ್ರೇಟ್ ಕೂಡ ಇರುವುದರಿಂದ ಈಗ ನನ್ನ ಮೊದಲ ಆಯ್ಕೆ ಅದೇ, ಅಡುಗೆಮನೆಯ ಅಳತೆ ಪೊಟ್ಟಣ ಸಿಗದ ರಾತ್ರಿಗಾಗಿ. ಎದೆಹಾಲು ಕುಡಿಯುವ ಮಗುವಾದರೆ ಅದನ್ನು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಹಲವು ಗಂಟೆಗಳಿಂದ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಮಗು ಕುಡಿಯಲಾರದಷ್ಟು ಮಂಕಾದರೆ ನಾನು ಚಮಚ ಕೆಳಗಿಟ್ಟು ಆಸ್ಪತ್ರೆಗೆ ಹೊರಡುತ್ತೇನೆ.

ಚಮಚದಷ್ಟೇ ಮುಖ್ಯವಾದದ್ದು ಗಡಿಯಾರ ಎಂದು ತಿಳಿದದ್ದು ಸುಟ್ಟ ಗಾಯದಿಂದ. ಮೊದಲೆಲ್ಲ ಕೈ ಸುಟ್ಟರೆ ಟೂತ್‌ಪೇಸ್ಟ್ ಸವರುವುದು ನನ್ನ ಅಭ್ಯಾಸವಾಗಿತ್ತು. ಅದು ಹಚ್ಚಿದ ಕ್ಷಣ ತಣ್ಣಗೆನಿಸಿದರೂ ಒಳಗಿನ ಶಾಖವನ್ನು ಹೊರಬಿಡುವುದಿಲ್ಲ, ಆಮೇಲೆ ಅದನ್ನು ಗಾಯದಿಂದ ತೊಳೆದು ತೆಗೆಯುವುದೇ ಬೇರೊಂದು ಹಿಂಸೆ. ಬೆಣ್ಣೆ, ತುಪ್ಪ, ಎಣ್ಣೆಗಳ ಕಥೆಯೂ ಇದೇ. ಒಮ್ಮೆ ಮುಚ್ಚಳ ತೆಗೆಯುವಾಗ ಆವಿ ಹೊಡೆದು ಮಣಿಕಟ್ಟಿನ ಒಳಭಾಗ ಸುಟ್ಟಿತು. ಆ ಹೊತ್ತಿಗೆ ಓದಿ ತಿಳಿದಿದ್ದಂತೆ ಉಂಗುರ, ಗಡಿಯಾರ ಬಿಚ್ಚಿಟ್ಟು ಹರಿಯುವ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತೆ. ಮೂರು ನಿಮಿಷಕ್ಕೆ ಉರಿ ಹೋಯಿತೆಂದು ಕೈ ತೆಗೆದೆ, ಅರ್ಧ ನಿಮಿಷದಲ್ಲಿ ಉರಿ ಮರಳಿತು. ಎಂಟು ನಿಮಿಷಕ್ಕೆ ಮತ್ತೆ ತೆಗೆದೆ, ಮತ್ತೆ ಮರಳಿತು. 20 ನಿಮಿಷ ಪೂರ್ತಿಯಾದ ಮೇಲೆ ತೆಗೆದಾಗ ಚರ್ಮ ಕೆಂಪಾಗಿತ್ತು, ಉರಿ ಬಹಳ ತಗ್ಗಿತ್ತು. ನಲ್ಲಿಯ ಮುಂದೆ ಇಪ್ಪತ್ತು ನಿಮಿಷ ಎಂದರೆ ಎಷ್ಟು ದೀರ್ಘ ಎಂಬುದು ನಿಂತವರಿಗೇ ಗೊತ್ತು. ಪಕ್ಕದಲ್ಲೊಂದು ಕುರ್ಚಿ ಎಳೆದುಕೊಳ್ಳುವುದು ಒಳ್ಳೆಯದು. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಆರಂಭಿಸಿದರೂ ಇದರಿಂದ ಪ್ರಯೋಜನವಿದೆ. ಮಂಜುಗಡ್ಡೆ ಮಾತ್ರ ಬೇಡ, ಅದು ಸುಟ್ಟ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ. ಬಳಿಕ ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಹಾಸಿದೆ, ಊದಿಕೊಂಡರೆ ಬಿಗಿಯಾಗುತ್ತದೆಂದು ಸುತ್ತಿ ಕಟ್ಟಲಿಲ್ಲ. ಮರುದಿನ ಎದ್ದ ಗುಳ್ಳೆಯನ್ನು ಒಡೆಯಲಿಲ್ಲ. ಮುಖ, ಅಂಗೈ, ಪಾದ, ಕೀಲುಗಳ ಮೇಲೆ ಸುಟ್ಟರೆ, ಅಂಗೈಗಿಂತ ದೊಡ್ಡ ಜಾಗ ಸುಟ್ಟರೆ, ಅಥವಾ ಸುಟ್ಟವರು ಮಗುವಾಗಿದ್ದರೆ ನೀರು ಹರಿಸಿದ ಬಳಿಕ ವೈದ್ಯರಿಗೆ ತೋರಿಸಲೇಬೇಕು.

ಕೆಮ್ಮಿಗೆ ನಮ್ಮ ಮನೆಯಲ್ಲಿ ಉಳಿದಿರುವುದು ಜೇನುತುಪ್ಪವೊಂದೇ. ಶುಂಠಿ, ಕಾಳುಮೆಣಸು, ತುಳಸಿ ಎಲ್ಲವನ್ನೂ ಬೇರೆ ಬೇರೆ ರಾತ್ರಿಗಳಲ್ಲಿ ಮಾಡಿ ನೋಡಿದ್ದೇನೆ. ಬಿಸಿ ನೀರಿನ ಹಿತ ಯಾವುದು, ಮದ್ದಿನ ಗುಣ ಯಾವುದು ಎಂದು ಬೇರ್ಪಡಿಸಲು ನನ್ನಿಂದಾಗಲಿಲ್ಲ. ಮಲಗುವ ಮುನ್ನ ಅರ್ಧದಿಂದ ಒಂದು ಚಹಾ ಚಮಚ ಜೇನುತುಪ್ಪ ಕೊಟ್ಟ ರಾತ್ರಿಗಳಲ್ಲಿ ಮಾತ್ರ ಮಕ್ಕಳು ಕೆಮ್ಮಿ ಎದ್ದದ್ದು ಕಡಿಮೆ ಎಂದು ಪುಸ್ತಕ ಹೇಳುತ್ತದೆ. ಆದರೆ ಇದೇ ಪುಟದ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿರುವುದೇನೆಂದರೆ, ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನಾಲಿಗೆಗೆ ಸವರುವಷ್ಟು ಕೂಡ ಕೊಡಬಾರದು. ಜೇನಿನಲ್ಲಿ ಕೆಲವೊಮ್ಮೆ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು, ಆ ವಿಷದಿಂದ ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾಗಬಹುದು. ಮನೆಯ ಒಲೆಯಲ್ಲಿ ಕುದಿಸಿದರೂ ಆ ಬೀಜಕಣಗಳು ಸಾಯುವುದಿಲ್ಲ. ಮಗಳು ಒಂಬತ್ತು ತಿಂಗಳ ಕೂಸಾಗಿದ್ದಾಗ, ಪ್ರೀತಿಯಿಂದಲೇ ಜೇನಿನ ಸೀಸೆ ಹಿಡಿದು ಬಂದ ಹಿರಿಯರೊಬ್ಬರನ್ನು ತಡೆದು ನಾನು ಎರಡು ತಿಂಗಳ ಮುನಿಸು ಕಟ್ಟಿಕೊಂಡೆ. ಆ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಗಂಟಲು ನೋವಿಗೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಮುಕ್ಕಳಿಸುತ್ತೇವೆ. ಊದಿದ ಗಂಟಲಿಗೆ ಅದರಿಂದ ಸ್ವಲ್ಪ ಹೊತ್ತು ಹಿತವಾಗುತ್ತದೆ, ಸೋಂಕು ಅದರಿಂದ ವಾಸಿಯಾಗುವುದಿಲ್ಲ. ಮುಕ್ಕಳಿಸಿ ಉಗುಳಲು ಬಾರದ ಪುಟ್ಟ ಮಕ್ಕಳಿಗೆ ಇದು ಆಗದು.

ಹಬೆ ತೆಗೆದುಕೊಳ್ಳುವುದನ್ನು ಮಾತ್ರ ಪುಸ್ತಕದಿಂದ ಹೊಡೆದುಹಾಕಿದ್ದೇನೆ. ಕುದಿಯುವ ನೀರಿನ ಪಾತ್ರೆಯನ್ನು ನೆಲದ ಮೇಲಿಟ್ಟು, ಮಗನ ತಲೆಯ ಮೇಲೆ ಟವೆಲ್ ಹೊದಿಸಿ ಕೂರಿಸಿದ್ದೆ. ಸೀನು ಬಂದು ಅವನು ಮೊಣಕಾಲು ಮಡಚಿದ್ದೇ ಪಾತ್ರೆ ಓರೆಯಾಯಿತು. ನೀರು ಅವನ ತೊಡೆಯಿಂದ ಒಂದು ಗೇಣು ಆಚೆ ಹರಿದು ಹೋಯಿತು. ಆ ಒಂದು ಗೇಣಿನ ಅಂತರವನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಹಬೆಯಿಂದ ನೆಗಡಿ ಬೇಗ ಗುಣವಾಗುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ, ಮಕ್ಕಳು ಸುಟ್ಟುಕೊಳ್ಳುತ್ತಾರೆಂಬುದಕ್ಕೆ ಆಸ್ಪತ್ರೆಗಳಲ್ಲಿ ಬೇಕಾದಷ್ಟು ಆಧಾರವಿದೆ. ಈಗ ಮೂಗು ಕಟ್ಟಿದರೆ ಔಷಧ ಅಂಗಡಿಯ ಲವಣದ್ರಾವಣದ ಹನಿಗಳನ್ನು ಬಳಸುತ್ತೇವೆ. ಹಬೆಯ ಜೊತೆಯಲ್ಲೇ ಕರ್ಪೂರವನ್ನೂ ಮಕ್ಕಳ ಕೈಗೆಟುಕದ ಕಡೆ ಸೇರಿಸಿದೆ, ಏಕೆಂದರೆ ಅದನ್ನು ಚಿಕ್ಕ ಮಗು ಸ್ವಲ್ಪವೇ ನುಂಗಿದರೂ ಫಿಟ್ಸ್ ಬರಬಹುದು.

ಲವಂಗದ ಕಥೆ ಬೇರೆ. ಅದು ನಿಜವಾಗಿಯೂ ಕೆಲಸ ಮಾಡುತ್ತದೆ, ಮತ್ತು ಕೆಲಸ ಮಾಡಿದ್ದರಿಂದಲೇ ನಾನು ಕೆಟ್ಟೆ. ದವಡೆಹಲ್ಲು ನೋಯತೊಡಗಿದಾಗ ಒಂದು ಲವಂಗವನ್ನು ಆ ಹಲ್ಲಿನ ಪಕ್ಕದಲ್ಲಿ ಮೆಲ್ಲಗೆ ಕಚ್ಚಿ ಹಿಡಿದೆ. ಐದು ನಿಮಿಷದಲ್ಲಿ ಆ ಭಾಗ ಜೋಮು ಹಿಡಿದಂತಾಗಿ ಒಂದು ಗಂಟೆ ನೋವು ಸುಳಿಯಲಿಲ್ಲ. ಲವಂಗದಲ್ಲಿರುವ ಯೂಜೆನಾಲ್ ನರವನ್ನು ತಾತ್ಕಾಲಿಕವಾಗಿ ಮರಗಟ್ಟಿಸುತ್ತದೆ. ದಂತವೈದ್ಯರು ಕೂಡ ಅದನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬಲು ಬಳಸುವುದುಂಟು. ಆದರೆ ಹುಳುಕು ನಿಲ್ಲಲಿಲ್ಲ. ಮೂರು ವಾರ ಲವಂಗವನ್ನು ನಂಬಿ ಕುಳಿತೆ, ನಾಲ್ಕನೆಯ ವಾರ ಕೆನ್ನೆ ಊದಿತು. ಸಣ್ಣದೊಂದು ತುಂಬಿಕೆಯಲ್ಲಿ ಮುಗಿಯಬಹುದಾಗಿದ್ದ ಹಲ್ಲಿಗೆ ಬೇರುನಾಳದ ಚಿಕಿತ್ಸೆ (ರೂಟ್ ಕೆನಾಲ್) ಬೇಕಾಯಿತು. ಈಗ ನಮ್ಮಲ್ಲಿ ಲವಂಗಕ್ಕೆ ಒಂದು ರಾತ್ರಿಯ ಅವಕಾಶ ಮಾತ್ರ, ಬೆಳಗಾದ ಕೂಡಲೇ ದಂತವೈದ್ಯರಿಗೆ ಫೋನು. ಲವಂಗದ ಎಣ್ಣೆಯನ್ನು ನೇರವಾಗಿ ಸುರಿದುಕೊಂಡು ವಸಡು ಸುಟ್ಟುಕೊಂಡವರನ್ನೂ ಕಂಡಿದ್ದೇನೆ, ಆದ್ದರಿಂದ ಎಣ್ಣೆಯನ್ನು ಮನೆಯಲ್ಲಿ ಇಟ್ಟಿಲ್ಲ.

ಚಿಕ್ಕಪುಟ್ಟ ಗಾಯಗಳಿಗೆ ಅರಿಸಿನ ಒತ್ತುವುದನ್ನು ಬಿಟ್ಟಾಗ ಮನೆಯ ಹಿರಿಯರು ಬೇಸರಿಸಿದರು. ಡಬ್ಬಿಯ ಪುಡಿ ರೋಗಾಣುರಹಿತವಲ್ಲ, ಹಳದಿ ಬಣ್ಣದ ಕೆಳಗೆ ಗಾಯ ಎಷ್ಟು ಆಳವಾಗಿದೆ ಎಂದು ಕಾಣುವುದೂ ಇಲ್ಲ. ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು, ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ನಡುವೆ ತೆಗೆದು ನೋಡದೆ ಒತ್ತಿ ಹಿಡಿದರೆ ಸಣ್ಣ ಗಾಯದ ರಕ್ತ ನಿಲ್ಲುತ್ತದೆ. ಕೊನೆಯ ಟೆಟನಸ್ ಚುಚ್ಚುಮದ್ದು ಯಾವಾಗ ಆಯಿತೆಂಬುದನ್ನು ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟಿದ್ದೇನೆ. ಕಾಲ್ಬೆರಳಿನ ತುರಿಕೆಗೆ ಹಸಿ ಬೆಳ್ಳುಳ್ಳಿ ಅರೆದು ಕಟ್ಟಿ ಮಲಗಿದ ನನ್ನ ಪ್ರಯೋಗ ಗುಳ್ಳೆಯಲ್ಲಿ ಮುಗಿಯಿತು. ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ ಎಂದು ಆಗ ತಿಳಿಯಿತು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೂ ಹಾಗೆಯೇ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯಬಹುದು.

ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸುವ ರೂಢಿ ತಪ್ಪು, ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಮುಂದಕ್ಕೆ ಬಾಗಿ ಕುಳಿತು, ಮೂಗಿನ ಮೂಳೆಯ ಕೆಳಗಿನ ಮೆತ್ತಗಿನ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಬೇಕು. ಕಣ್ಣು ಕುಟುಕಿದರೆ, ಎಂದರೆ ರೆಪ್ಪೆಯ ಅಂಚಿನಲ್ಲಿ ಸಣ್ಣ ಕುರು ಎದ್ದರೆ, ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹದವಾಗಿ ಆರಿಸಿ, ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಇಡುವುದು ಸಾಕು. ಪ್ರಯಾಣದ ಓಕರಿಕೆಗೆ ಶುಂಠಿ ನನಗೆ ಒಗ್ಗಿದೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಅಮ್ಮನಿಗೆ ವೈದ್ಯರನ್ನು ಕೇಳದೆ ಶುಂಠಿಯ ಕಷಾಯವನ್ನು ದಿನವೂ ಕೊಡುವುದಿಲ್ಲ.

ಜ್ವರದ ಪುಟಗಳಲ್ಲಿ ಮದ್ದಿಗಿಂತ ಅಂಕಿಗಳೇ ಹೆಚ್ಚು. ಯಾವ ಹೊತ್ತಿಗೆ ಎಷ್ಟು ಜ್ವರ, ಎಷ್ಟು ನೀರು ಕುಡಿದದ್ದು, ಮೂತ್ರ ಯಾವಾಗ ಆದದ್ದು, ಪ್ಯಾರಾಸಿಟಮಾಲ್ ಎಷ್ಟು ಗಂಟೆಗೆ ಕೊಟ್ಟದ್ದು ಎಂದು ನಾಲ್ಕು ಅಂಕಣ ಎಳೆದಿದ್ದೇನೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ತಲುಪಿದ ಜ್ವರವಿದ್ದರೆ ಅಂಕಣ ತುಂಬುತ್ತ ಕೂರದೆ ಹೊರಡಬೇಕು ಎಂಬ ಸಾಲು ಅದರ ಮೇಲೆಯೇ ಇದೆ. ಹೋದ ವರ್ಷ ಮಗಳಿಗೆ ಮೂರನೆಯ ದಿನವೂ ಜ್ವರ ಇಳಿಯದೆ ರಾತ್ರಿ ಆಸ್ಪತ್ರೆಗೆ ಹೋದಾಗ, ಕರ್ತವ್ಯದಲ್ಲಿದ್ದ ಯುವ ವೈದ್ಯೆ ಮೊದಲು ಕೇಳಿದ್ದು ಕೊನೆಯ ಬಾರಿ ಮೂತ್ರವಾದದ್ದು ಯಾವಾಗ ಎಂದು. ನಾನು ಪುಸ್ತಕ ತೆರೆದು ಸಂಜೆ ಐದೂವರೆ ಎಂದು ಓದಿದೆ. ಅವರು ಪುಸ್ತಕವನ್ನೇ ನನ್ನ ಕೈಯಿಂದ ತೆಗೆದುಕೊಂಡು, ನಿಂತಲ್ಲೇ ಹಿಂದಿನ ಎರಡು ಪುಟಗಳನ್ನು ತಿರುವಿ ಓದತೊಡಗಿದರು.