42 ಸಾವಿರ ಹಾಡಿಗೆ ಚೀಟಿ ಎತ್ತಿದ ನನ್ನ ಅನುಭವ

ನನ್ನ ಡಿಸ್ಕ್‌ನಲ್ಲಿ ಹತ್ತಿರ ಹತ್ತಿರ 42 ಸಾವಿರ ಹಾಡುಗಳಿವೆ. ಒಂದಕ್ಕೆ 5 ನಿಮಿಷ ಅಂತ ಹಿಡಿದರೂ ಹಗಲು ರಾತ್ರಿ ಕೇಳಿದರೆ ಐದು ತಿಂಗಳು ಬೇಕು. ಆದರೆ ಎರಡು ವರ್ಷದ ಹಿಂದಿನವರೆಗೆ ನಾನು ತಿರುಗಿ ತಿರುಗಿ ಕೇಳುತ್ತಿದ್ದದ್ದು ಇನ್ನೂರೋ ಮುನ್ನೂರೋ, ಅಷ್ಟೇ. "ಎಲ್ಲಾ ಆ್ಯಪಲ್ಲೇ ಸಿಗುತ್ತಲ್ಲ ಸಾರ್, ಸುಮ್ನೆ ಯಾಕೆ ಇಟ್ಕೊಂಡಿದ್ದೀರಾ?" ಅಂತ ತುಮಕೂರು–ಬೆಂಗಳೂರು ರೈಲಿನ ಗೆಳೆಯರು ಕೇಳುತ್ತಿದ್ದರು. ಈಗ ನಾನು ವಾರವಾರ ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಿಂದ ಹಾಡು ಆರಿಸಿ ಕೇಳುತ್ತೇನೆ. ಅದೇ ಗೆಳೆಯರು ಸೋಮವಾರ ಬೆಳಿಗ್ಗೆ "ಈ ವಾರ ಏನು ಬಂತು?" ಅಂತ ಪಕ್ಕಕ್ಕೆ ಬಂದು ಕೂರುತ್ತಾರೆ.

ಮೊದಲು ದುಡ್ಡು ಕಳೆದದ್ದನ್ನು ಹೇಳಿಬಿಡುತ್ತೇನೆ. ಕಾರಿಗೆ 6,500 ಕೊಟ್ಟು ಹೊಸ ಸ್ಟೀರಿಯೋ ಹಾಕಿಸಿದೆ. ಪೆನ್‌ಡ್ರೈವ್ ಚುಚ್ಚಿ ಶಫಲ್ (ಹಾಡುಗಳನ್ನು ಕಲೆಸಿ ಹಾಕುವ ಬಟನ್) ಒತ್ತಿದರೆ ಮೊದಲ ದಿನ ಸ್ವರ್ಗ. ಮೂರನೇ ದಿನ ಗೊತ್ತಾಯಿತು, ಕೀ ತಿರುಗಿಸಿದಾಗಲೆಲ್ಲ ಅದೇ ಹಾಡು, ಅದರ ಹಿಂದೆ ಅದೇ ಎರಡನೆಯದು. ಬಟವಾಡಿಯಿಂದ ಕ್ಯಾತ್ಸಂದ್ರ ತಲುಪುವಷ್ಟರಲ್ಲಿ ಮುಂದಿನದು ಯಾವುದು ಅಂತ ಬಾಯಲ್ಲೇ ಹೇಳಬಹುದಿತ್ತು. ಆಮೇಲೆ 1 ಟಿಬಿ ಡಿಸ್ಕ್ ಮೇಜಿಂದ ಬಿತ್ತು. ಕೆಟ್ಟ ಡಿಸ್ಕ್‌ನಿಂದ ಫೈಲ್ ತೆಗೆದುಕೊಡುವ ರಿಕವರಿಯವರು 12 ಸಾವಿರ ಕೇಳಿ 7 ಸಾವಿರಕ್ಕೆ ಒಪ್ಪಿದರು. ಹಾಡುಗಳು ಬಂದವು. ಆದರೆ ಅದರಲ್ಲಿ ಮೂರು ಸಾವಿರಕ್ಕೆ ಹೆಸರೇ ಇಲ್ಲ, ಬರೀ ನಂಬರ್. ಆವತ್ತು ರಾತ್ರಿ ಊಟ ಸೇರಲಿಲ್ಲ.

ಕಂಪ್ಯೂಟರಿನ ಶಫಲ್ ಕೂಡ ಕೈ ಕೊಟ್ಟಿತು. ಅದರ ತಪ್ಪಲ್ಲ ಬಿಡಿ. ಒಂದು ಸಿನಿಮಾ ಫೋಲ್ಡರ್‌ನಲ್ಲಿ 900 ಹಾಡು, ಒಂದು ಭಾವಗೀತೆ ಕ್ಯಾಸೆಟ್‌ನ ಫೋಲ್ಡರ್‌ನಲ್ಲಿ 8. ಹಾಡಿಗೊಂದು ಚೀಟಿ ಹಾಕಿದರೆ ಯಾವುದು ಗೆಲ್ಲುತ್ತೆ ಹೇಳಿ. ಅದಕ್ಕೆ ಚೀಟಿಯನ್ನು ಎರಡು ಸಲ ಎತ್ತಿದೆ. ಮೊದಲು ಫೋಲ್ಡರ್, ಆಮೇಲೆ ಅದರೊಳಗಿನ ಒಂದು ಹಾಡು. ಅಕ್ಕನ ಮಗ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಅದಕ್ಕೆ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದುಕೊಟ್ಟ. ಒಮ್ಮೆ ಬಂದ ಹಾಡು ಮತ್ತೆ ಬರುವುದಿಲ್ಲ. ಮೊದಲ ತಿಂಗಳು ಎಲ್ಲ ಫೋಲ್ಡರ್‌ಗೂ ಸಮ ಚೀಟಿ ಹಾಕಿ ವಾರಪೂರ್ತಿ ಅಯ್ಯಪ್ಪನ ಭಜನೆ ಕೇಳಿದೆ, ಯಾಕಂದರೆ ಅಂಥ ಸಣ್ಣ ಸಣ್ಣ ಫೋಲ್ಡರ್ ನನ್ನಲ್ಲಿ ಜಾಸ್ತಿ. ಈಗ ದೊಡ್ಡದಕ್ಕೆ ಸ್ವಲ್ಪ ಹೆಚ್ಚು ಚೀಟಿ. ಎಷ್ಟು ಹೆಚ್ಚು ಅನ್ನುವ ಲೆಕ್ಕ ಹಿಡಿಯಲು ಆರು ತಿಂಗಳಾಯಿತು, ಅದು ನನ್ನ ಹತ್ತಿರವೇ ಇರಲಿ.

ವಾರಕ್ಕೆ 60 ಹಾಡು. ಎಂಪಿ3ಗೇನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಲ್ಲದರ ಸೌಂಡನ್ನು 89 ಡೆಸಿಬೆಲ್‌ಗೆ ಸಮ ಮಾಡುತ್ತೇನೆ, ಇಲ್ಲದಿದ್ದರೆ ಹಳೇ ಕ್ಯಾಸೆಟ್‌ಗೆ ಅಂತ ಸೌಂಡ್ ಏರಿಸಿದ ಕಿವಿಗೆ ಹೊಸ ಹಾಡು ಬಂದು ಬಡಿಯುತ್ತೆ. ಹೆಸರು ಅಳಿಸಿ 01ರಿಂದ 60 ಅಂತ ಮಾಡಿ ಕೀಪ್ಯಾಡ್ ಫೋನಿನ 2 ಜಿಬಿ ಕಾರ್ಡಿಗೆ ಹಾಕುತ್ತೇನೆ. ಹೆಸರು ಕಂಡರೆ ಬೆರಳು ತಾನಾಗಿ ಮುಂದಕ್ಕೆ ಒತ್ತುತ್ತೆ, ಕಾಣದಿದ್ದರೆ ಕಿವಿ ಕೇಳುತ್ತೆ. ಇದನ್ನು ಕಲಿಸಿದ್ದು ಆ ಹೆಸರಿಲ್ಲದ ಮೂರು ಸಾವಿರ. ಒಂದು ನಿಮಿಷ ಕೇಳದೆ ಯಾವ ಹಾಡನ್ನೂ ದಾಟಿಸುವಂತಿಲ್ಲ. ಇಲ್ಲಿಯವರೆಗೆ ಆರು ಸಾವಿರದ ಹತ್ತಿರ ಮುಗಿದಿವೆ. ಮತ್ತೆ ಕೇಳುವ ಪಟ್ಟಿಗೆ ಏಳುನೂರು ಸೇರಿವೆ, ಅಳಿಸಿದ್ದು ಒಂದೂವರೆ ಸಾವಿರ ಇರಬಹುದು, ಬಹಳಷ್ಟು ಎರಡೆರಡು ಪ್ರತಿ.

ನಡುವೆ ಕ್ಯಾಸೆಟ್‌ಗಳ ಕಡೆಗೂ ಹೋದೆ. ಕ್ಯಾಸೆಟ್ ಓಡಿಸುವ ಡೆಕ್‌ನಲ್ಲಿ, ಟೇಪಿನಿಂದ ದನಿ ಓದುವ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ಕಂಬಳಿ ಹೊದ್ದು ಹಾಡಿದಂತಿದ್ದ ದನಿ ತಟ್ಟನೆ ಬಿಚ್ಚಿಕೊಳ್ಳುತ್ತೆ. ಪ್ರತಿ ಕ್ಯಾಸೆಟ್‌ಗೂ ಬೇರೆ ಬೇರೆ ಜಾಗ, ಕಿವಿಯೇ ಅಳತೆ.

ಹೋದ ವರ್ಷ ಒಂದು ಸಂಜೆ, ರೈಲು ದೊಡ್ಡಬೆಲೆ ಬಿಟ್ಟಿತ್ತು, 37ನೇ ಹಾಡು. ಮೊದಲು ಹಾರ್ಮೋನಿಯಂ, ಹಿಂದೆ ಜನರೇಟರಿನ ಗುಡುಗುಡು. ಮೈಕಿನಲ್ಲಿ ಯಾರೋ, "ದುರ್ಯೋಧನನ ಪಾತ್ರಕ್ಕೆ ಮೆಚ್ಚಿ 51 ರೂಪಾಯಿ" ಅಂದರು. ಆಮೇಲೆ ಎದ್ದ ದನಿ ನಮ್ಮ ಚಿಕ್ಕಪ್ಪನದು. ಊರಿನ ಪೌರಾಣಿಕ ನಾಟಕ. ಅದನ್ನು ಕಂಪ್ಯೂಟರಿಗೆ ಏರಿಸಿದವನು ನಾನೇ, ಏರಿಸಿದ್ದೇ ಮರೆತಿದ್ದೆ. ಇಳಿಯುವವರೆಗೆ ಅದನ್ನೇ ನಾಲ್ಕು ಸಲ ಕೇಳಿದೆ.

ಭಾನುವಾರ ಗುಬ್ಬಿಗೆ ಹೋಗಿ ಚಿಕ್ಕಪ್ಪನ ಕಿವಿಗೆ ಇಯರ್‌ಫೋನ್ ಇಟ್ಟೆ. ಮೊಣಕಾಲ ಮೇಲೆ ತಾಳ ಹಾಕುತ್ತಿದ್ದ ಕೈ ನಿಂತಿತು. "ನಾನೇ ಕಣೋ, ಆದ್ರೆ ಶ್ರುತಿ ನಂದಲ್ಲ. ಹಾರ್ಮೋನಿಯಂನಾಗೆ ಅರ್ಧ ಮನೆ ಮೇಲೈತೆ. ನಿನ್ನ ಟೇಪು ಜೋರಾಗಿ ಓಡೈತೆ."

ಮನೆಗೆ ಬಂದು ಆಡಾಸಿಟಿ ಅನ್ನುವ ದನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ವೇಗವನ್ನು 6 ಪರ್ಸೆಂಟಿನಷ್ಟು ಇಳಿಸಿದೆ. ದನಿಗೆ ತೂಕ ಬಂತು, ಅದು ನಾನು ಚಿಕ್ಕವನಿದ್ದಾಗ ಚಾಪೆ ಮೇಲೆ ಕೂತು ಕೇಳಿದ ದನಿಯೇ. ಅದೇ ಡೆಕ್‌ನಲ್ಲಿ ಏರಿಸಿದ ಕ್ಯಾಸೆಟ್ ತೊಂಬತ್ತರ ಹತ್ತಿರ ಇವೆ. ಎಲ್ಲವನ್ನೂ ಚೀಟಿಯಿಂದ ಹೊರಗಿಟ್ಟು ಒಂದೊಂದಾಗಿ ಸರಿ ಮಾಡುತ್ತಿದ್ದೇನೆ. ಹನ್ನೊಂದು ಮುಗಿದಿವೆ.