ವಾರ್ಡಿನೊಳಗೆ ಬಿಡುವ ಕೋರ್ಸ್ ಆರಿಸಿ: ವೈದ್ಯಕೀಯ ಉಪಕರಣಗಳ ಎಂ.ಟೆಕ್ ಮಾಡುವವರಿಗೆ

ಕಳೆದ ವಾರ ನಮ್ಮ ಅತ್ತಿಗೆಯ ತಮ್ಮ ಫೋನ್ ಮಾಡಿದ್ದ. ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ್ದಾನೆ. "ಅಕ್ಕಾ, ಆಸ್ಪತ್ರೆ ಉಪಕರಣ ತಯಾರಿಸೋ ಕಡೆಗೆ ಹೋಗಬೇಕು. ಯಾವ ಎಂ.ಟೆಕ್ ಮಾಡ್ಲಿ?" ಅಂದ. ಒಂದು ಗಂಟೆ ಮಾತಾಡಿದೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ಯಂತ್ರ ರಿಪೇರಿ ಮಾಡಿ, ಆಮೇಲೆ ಓದಿಗೆ ಹೋದವಳು. ಈಗ ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಉಪಕರಣಗಳ ಲೈಸೆನ್ಸ್ ಫೈಲು, ಅಂದರೆ ಲೈಸೆನ್ಸ್ ಪಡೆಯಲು ಸರ್ಕಾರಕ್ಕೆ ಕೊಡುವ ದಾಖಲೆಗಳನ್ನು ಬರೆಯುವುದು ನನ್ನ ಕೆಲಸ.

ಅರ್ಜಿ ತುಂಬುವ ಮೊದಲು ಹದಿನೈದು ದಿನ ಯಾವುದಾದರೂ ಆಸ್ಪತ್ರೆಯ ವಾರ್ಡಿನಲ್ಲಿ ನಿಲ್ಲಿ. ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ತಿರ ಲಿಖಿತ ಅನುಮತಿ ಕೇಳಿ. ಫೋನು ಜೇಬಲ್ಲೇ ಇರಲಿ, ರೋಗಿಗಳ ಫೋಟೋ ತೆಗೆಯಬೇಡಿ. ರಾತ್ರಿ ಪಾಳಿ ನೋಡಲೇಬೇಕು, ಹಗಲು ಕಾಣದ ತೊಂದರೆಗಳೆಲ್ಲ ಆಗ ಕಾಣುತ್ತವೆ. ನನ್ನದೊಂದು ಗುಟ್ಟು ಹೇಳುತ್ತೇನೆ: ಪ್ಲಾಸ್ಟರ್ ಎಲ್ಲೆಲ್ಲಿ ಅಂಟಿಸಿದ್ದಾರೆ ಅಂತ ಹುಡುಕಿ. ಅಲಾರಂ ಸ್ಪೀಕರ್ ಮೇಲೆ ಹತ್ತಿ ಇಟ್ಟು ಪ್ಲಾಸ್ಟರ್ ಹಾಕಿರುತ್ತಾರೆ. ಮಗುವಿನ ಹೆಬ್ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ದೊಡ್ಡವರ ಪ್ರೋಬ್ ಸುತ್ತಿ ಪ್ಲಾಸ್ಟರ್ ಹಾಕಿರುತ್ತಾರೆ. ಯಂತ್ರ ಮಾಡಿದವರು ಬಿಟ್ಟದ್ದನ್ನು ಅಲ್ಲಿ ನರ್ಸ್ ತುಂಬಿಕೊಂಡಿದ್ದಾರೆ ಅಂತ ಅರ್ಥ.

ಕಂಡದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಸ್ಟ್ಯಾನ್‌ಫರ್ಡ್‌ನ ಬಯೋಡಿಸೈನ್ ತರಬೇತಿ ಹೇಳಿಕೊಡುವ ಕ್ರಮ ಇದು: ತೊಂದರೆ ಏನು, ಯಾರಿಗೆ, ಏನು ಸುಧಾರಿಸಬೇಕು. "ಡ್ರಿಪ್ ಮುಗಿದರೆ ಕೂಗುವ ಅಲಾರಂ ಬೇಕು" ಅಂತ ನಾನು ಬರೆದಿದ್ದೆ. ಅದು ತಪ್ಪು, ಆಗಲೇ ಪರಿಹಾರ ಹೇಳಿಬಿಟ್ಟಿದ್ದೆ. ಸರಿಯಾದದ್ದು ಹೀಗೆ: "ರಾತ್ರಿ ಮೂವತ್ತು ಹಾಸಿಗೆಗೆ ಇಬ್ಬರೇ ನರ್ಸ್ ಇರುವ ವಾರ್ಡಿನ ರೋಗಿಗಳಲ್ಲಿ, ಡ್ರಿಪ್ ಖಾಲಿಯಾಗಿ ರಕ್ತ ನಳಿಗೆಗೆ ಹತ್ತುವುದು ಕಡಿಮೆಯಾಗಬೇಕು." ಹೀಗೆ ಬರೆದರೆ ಅಲಾರಂ ಬಿಟ್ಟು ಬೇರೆ ದಾರಿಗಳೂ ಹೊಳೆಯುತ್ತವೆ.

ಇನ್ನು ಕೋರ್ಸ್. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಆಸ್ಪತ್ರೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಮೂರೂ ಸೇರಿ ಕ್ಲಿನಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ನಡೆಸುತ್ತವೆ. ಫಾರ್ಮಸಿ ಓದಿದವರು ಅಹಮದಾಬಾದಿನ ಔಷಧ ಶಿಕ್ಷಣ ಸಂಸ್ಥೆ ನೈಪರ್‌ನಲ್ಲಿರುವ ಮೆಡಿಕಲ್ ಡಿವೈಸಸ್ ವಿಭಾಗ ನೋಡಬಹುದು, ಅದಕ್ಕೆ ನೈಪರ್ ಜೆಇಇ ಪ್ರವೇಶ ಪರೀಕ್ಷೆ ಬರೆಯಬೇಕು. ಎಂ.ಟೆಕ್ ಪ್ರವೇಶ ಪರೀಕ್ಷೆ ಗೇಟ್‌ನಲ್ಲಿ 2020ರಿಂದ ಬಯೋಮೆಡಿಕಲ್‌ಗೆ ಬೇರೆಯದೇ ಪತ್ರಿಕೆ ಇದೆ. ಗೇಟ್ ಮೂಲಕ ಸೇರಿದವರಿಗೆ ಕೇಂದ್ರದ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಮೆಸ್ ಬಿಲ್ಲಿಗೆ ಸಾಕು, ಊರಿಗೆ ಕಳಿಸೋಕೆ ಸಾಲದು.

ಎಲ್ಲೇ ಸೇರುವ ಮೊದಲು, ಅಲ್ಲಿನ ಸೀನಿಯರ್‌ಗಳನ್ನು ಮೂರು ಪ್ರಶ್ನೆ ಕೇಳಿ. ಎಷ್ಟು ವಾರ ಆಸ್ಪತ್ರೆಯಲ್ಲಿ ಕಳೆದಿರಿ? ರೋಗಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ನಿಮ್ಮ ಕೈಯಾರೆ ಅರ್ಜಿ ಬರೆದಿರಾ? ಒಂದು ಉಪಕರಣದ ಲೈಸೆನ್ಸ್ ಫೈಲನ್ನು ಮೊದಲಿಂದ ಕೊನೆಯವರೆಗೆ ಕಟ್ಟಿದಿರಾ? ಮೂರಕ್ಕೂ "ಇಲ್ಲ" ಅಂದರೆ ಅಲ್ಲಿಂದ ಎದ್ದು ಬನ್ನಿ. ಕೋರ್ಸಿನ ಹೆಸರು ಎಷ್ಟು ಚಂದ ಇದ್ದರೇನು?

ಫೈಲು ಅಂದೆನಲ್ಲ, ಅದರ ತಿರುಳು ಇದು. 2017ರ ವೈದ್ಯಕೀಯ ಉಪಕರಣ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಅಪಾಯದ ಮಟ್ಟ ನೋಡಿ ಉಪಕರಣಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸುತ್ತಾರೆ. ಇಂಜೆಕ್ಷನ್ ಸೂಜಿ ಬಿ, ವೆಂಟಿಲೇಟರ್ ಸಿ, ಹೃದಯದ ಕೃತಕ ಕವಾಟ ಡಿ. ಎ ಮತ್ತು ಬಿ ತಯಾರಿಸಲು ರಾಜ್ಯದ ಪ್ರಾಧಿಕಾರ ಲೈಸೆನ್ಸ್ ಕೊಡುತ್ತದೆ. ಸಿ ಮತ್ತು ಡಿಗೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಬಾಗಿಲು ತಟ್ಟಬೇಕು. ಮೊದಲ ಸೆಮಿಸ್ಟರಿನಲ್ಲೇ ನಿಯಮಗಳನ್ನು ಪ್ರಿಂಟ್ ತೆಗೆದು, ಐದನೇ ಅನುಸೂಚಿಯನ್ನು ಪೆನ್ಸಿಲ್ ಹಿಡಿದು ಓದಿ. ಗುಣಮಟ್ಟದ ವ್ಯವಸ್ಥೆ ಹೇಗಿರಬೇಕು ಅಂತ ಅಲ್ಲಿದೆ. ಜೊತೆಗೆ ಅದೇ ವಿಷಯದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13485 ಮತ್ತು ಅಪಾಯ ಲೆಕ್ಕ ಹಾಕುವ 14971 ಕಲಿತರೆ ಉಪಕರಣ ಕಂಪನಿಗಳು ತುಂಬಿರುವ ಐರ್ಲೆಂಡಿನ ಗಾಲ್ವೇಗೆ ಹೋದರೂ ಅನ್ನ ಹುಟ್ಟುತ್ತದೆ.

ಓದಿ ನಿದ್ದೆ ಬರುತ್ತೆ, ಸುಳ್ಳು ಹೇಳಲ್ಲ. ನನಗೂ ಬಂದಿತ್ತು. ಎಚ್ಚರ ಆದದ್ದು ನನ್ನ ಪ್ರಾಜೆಕ್ಟ್ ಕೆಟ್ಟಾಗ. ಡ್ರಿಪ್ ಹನಿ ಎಣಿಸೋಕೆ ಇನ್‌ಫ್ರಾರೆಡ್ ಸೆನ್ಸರಿನ ಕ್ಲಿಪ್ ಮಾಡಿದ್ದೆ. ಲ್ಯಾಬಿನಲ್ಲಿ ಒಂದು ಹನಿಯೂ ತಪ್ಪಲಿಲ್ಲ. ಖಾಲಿ ವಾರ್ಡಿನಲ್ಲಿ, ಸಲೈನ್ ಬಾಟಲಿ ಬಕೆಟ್ಟಿಗೆ ಬಿಟ್ಟು ಪರೀಕ್ಷಿಸಿದಾಗ ಬೆಳಿಗ್ಗೆ ಒಂಬತ್ತಕ್ಕೆ ಎಣಿಕೆ ನಿಂತುಹೋಯಿತು. ಸ್ಟ್ಯಾಂಡ್ ಇದ್ದದ್ದು ಪೂರ್ವದ ಕಿಟಕಿ ಪಕ್ಕ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದಲ್ವಾ? ಸೆನ್ಸರ್ ಕುರುಡಾಗಿತ್ತು. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಗೊತ್ತಾಯಿತು. ನಡುವೆ ಒಮ್ಮೆ ಸೆನ್ಸರ್ ಬದಲಿಸಿದ್ದೆ, ಯಾವತ್ತು ಅಂತ ಬರೆದಿಟ್ಟಿರಲಿಲ್ಲ. ಯಾವ ಪರೀಕ್ಷೆ ಯಾವ ಸೆನ್ಸರಿನದು? ಎರಡು ತಿಂಗಳ ಅಂಕಿಗಳು ಕಸ. ಅವತ್ತಿನಿಂದ ಪುಟಸಂಖ್ಯೆ ಇರುವ ಬೌಂಡ್ ಪುಸ್ತಕ, ಪೆನ್ನು, ದಿನಾಂಕ, ಸಹಿ. ತಪ್ಪಾದರೆ ಒಂದೇ ಗೀಟು, ವೈಟ್ನರ್ ಇಲ್ಲ.

ಸೋಲಿಗೆ ಹೆದರಬೇಡಿ ಅಂತ ಸುಮ್ನೆ ಹೇಳುವುದಿಲ್ಲ, ಶ್ರೀ ಚಿತ್ರಾದ ಹೃದಯ ಕವಾಟವನ್ನೇ ನೋಡಿ. ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ತಂಡದ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಯ ಎದೆ ಸೇರಿತು. ಆಮೇಲೆ ಅವರು ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದರು.

ಬಯೋಟೆಕ್ ಓದಿದವರ ದಾರಿ ಬೇರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಿಂದ ಬಂದ ನೆಕ್ಸ್‌ಕಾರ್19 ಎಂಬ ರಕ್ತದ ಕ್ಯಾನ್ಸರ್ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ರೋಗಿಯದೇ ಟಿ ಕೋಶ, ಅಂದರೆ ರಕ್ತದ ರೋಗನಿರೋಧಕ ಕೋಶ ತೆಗೆದು, ಜೀನ್ ಸೇರಿಸಿ, ಬೆಳೆಸಿ, ಅದೇ ರೋಗಿಗೆ ವಾಪಸ್ ಕೊಡಬೇಕು. ಒಬ್ಬ ರೋಗಿ ಅಂದರೆ ಒಂದು ಬ್ಯಾಚ್. ಚೀಲ ಅದಲುಬದಲಾದರೆ ಕಥೆ ಮುಗಿಯಿತು. ಇದಕ್ಕೆ ಉಪಕರಣದ ನಿಯಮ ಬರುವುದಿಲ್ಲ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ಓದಬೇಕು. ಇಂಥ ಕೋರ್ಸ್ ಆರಿಸುವಾಗ ಧೂಳು, ಸೂಕ್ಷ್ಮಜೀವಿ ಬಾರದಂತೆ ಕಾಯುವ ಕ್ಲೀನ್‌ರೂಮ್ ಒಳಗೆ ಕೈ ಹಾಕಿ ಕೆಲಸ ಮಾಡಲು ಬಿಡುತ್ತಾರಾ ಅಂತ ಕೇಳಿ. ಗಾಜಿನ ಹೊರಗೆ ನಿಂತು ನೋಡುವ ಕೋರ್ಸ್‌ಗಳೇ ಜಾಸ್ತಿ. ಕೆಲಸಕ್ಕೆ ದೂರ ಹೋಗಲೇಬೇಕು ಅಂತಿಲ್ಲ, ಬೆಂಗಳೂರಿನಲ್ಲೇ ಇಂಥ ಚಿಕಿತ್ಸೆ ತಯಾರಿಸುವ ಇಮ್ಯುನೀಲ್ ಕಂಪನಿ ಇದೆ.

ರೋಗಿಗಳ ಮೇಲೆ ಏನೇ ಮಾಡುವುದಿದ್ದರೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು. ಎರಡನೇ ಸೆಮಿಸ್ಟರಿನಲ್ಲೇ ಅರ್ಜಿ ಹಾಕಿ, ಕಮಿಟಿ ನಿಮ್ಮ ಪರೀಕ್ಷೆಯ ವೇಳಾಪಟ್ಟಿ ನೋಡಿ ಸೇರುವುದಿಲ್ಲ. ರೋಗಿಗೆ ಕೊಡುವ ಮಾಹಿತಿ ಪತ್ರ ಅವರ ಭಾಷೆಯಲ್ಲೇ ಇರಬೇಕು. ನಾನು ಇಂಗ್ಲಿಷಿನಿಂದ ಇಳಿಸಿ "ಸ್ವಯಂಪ್ರೇರಿತ ಪಾಲ್ಗೊಳ್ಳುವಿಕೆ" ಅಂತ ಬರೆದಿದ್ದೆ. ಕಮಿಟಿಗೆ ಕೊಡುವ ಮುಂಚೆ, ಅರ್ಥ ಆಗುತ್ತಾ ನೋಡೋಣ ಅಂತ ನಮ್ಮ ಬೀದಿಯ ಅಜ್ಜನೊಬ್ಬರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಒಲ್ಲೆ ಅಂದ್ರೆ ಬೈತೀರೇನಮ್ಮಾ?" ಅಂದರು. ಆ ಸಾಲು ಹೊಡೆದು ಹಾಕಿ ಬರೆದೆ: "ಬೇಡ ಅನ್ನಬಹುದು. ಬೇಡ ಅಂದರೂ ನಿಮ್ಮ ಚಿಕಿತ್ಸೆ ಹಾಗೇ ನಡೆಯುತ್ತದೆ. ಯಾರೂ ಬೈಯುವುದಿಲ್ಲ."