ಚರ್ಮದಿಂದ ಜೆಲಟಿನ್: ಹದ ಎಲ್ಲಿ ಸಿಗುತ್ತದೆ, ಎಲ್ಲಿ ತಪ್ಪುತ್ತದೆ

ಆಮ್ಲದಲ್ಲಿ ನೆನೆಸಿ ತೊಳೆದ ಒಂದೇ ಚರ್ಮವನ್ನು ಎರಡು ಪಾಲು ಮಾಡಿ, ಒಂದನ್ನು 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಐದಾರು ಗಂಟೆ, ಇನ್ನೊಂದನ್ನು 90 ಡಿಗ್ರಿಯಲ್ಲಿ ಅಷ್ಟೇ ಹೊತ್ತು ಇಟ್ಟು, ಇಳಿದ ರಸಗಳನ್ನು ಒಂದೇ ಸಾಂದ್ರತೆಗೆ ತಂದು ತಣ್ಣಗಾಗಲು ಬಿಡಿ. ಎರಡೂ ಹೆಪ್ಪುಗಟ್ಟುತ್ತವೆ. ಆದರೆ ಬೆರಳಿನಿಂದ ಒತ್ತಿದಾಗ ಮೊದಲನೆಯದು ಪುಟಿದು ಮತ್ತೆ ಮೇಲೆ ಬರುತ್ತದೆ, ಎರಡನೆಯದು ಮೆತ್ತಗೆ ಕುಸಿಯುತ್ತದೆ, ಬಣ್ಣವೂ ಹಳದಿಗೆ ತಿರುಗಿರುತ್ತದೆ. ಚರ್ಮ ಒಂದೇ, ನೀರು ಒಂದೇ. ಬದಲಾದದ್ದು ಕಾವು ಮಾತ್ರ. ಜೆಲಟಿನ್ ತಯಾರಿಸುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ.

ಚರ್ಮದ ಮುಖ್ಯ ಪ್ರೋಟೀನ್ ಕೊಲಾಜೆನ್. ಅದರ ಒಂದೊಂದು ಅಣುವೂ ಮೂರು ಎಳೆಗಳನ್ನು ಹುರಿಗೊಳಿಸಿದ ಹಗ್ಗದಂತಿದೆ. ಪ್ರತಿ ಎಳೆಯಲ್ಲೂ ಸುಮಾರು 1000 ಅಮೈನೋ ಆಮ್ಲಗಳಿವೆ. ಈ ಹಗ್ಗಗಳನ್ನು ಅಕ್ಕಪಕ್ಕದ ಹಗ್ಗಗಳಿಗೆ ಬಿಗಿಯುವ ರಾಸಾಯನಿಕ ಕೊಂಡಿಗಳೂ ಇರುವುದರಿಂದಲೇ ಹಸಿ ಚರ್ಮ ತಣ್ಣೀರಿನಲ್ಲಿ ಕರಗುವುದಿಲ್ಲ. ಕೊಂಡಿಗಳು ಕಳಚಿ, ಹುರಿ ಬಿಚ್ಚಿ, ಎಳೆಗಳು ನೀರಿಗೆ ಇಳಿದಾಗ ಅದು ಜೆಲಟಿನ್ ಎನಿಸಿಕೊಳ್ಳುತ್ತದೆ. ತಣ್ಣಗಾಗುವಾಗ ಬಿಡಿ ಎಳೆಗಳು ಅಲ್ಲಲ್ಲಿ ಮತ್ತೆ ಹುರಿಗೊಂಡು ಬಲೆ ಕಟ್ಟುತ್ತವೆ, ನೀರು ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ತುಂಡಾದ ಎಳೆಗಳಿಂದ ಗಟ್ಟಿಯಾದ ಬಲೆ ಕಟ್ಟಲಾಗದು. ಆದ್ದರಿಂದ ಇಡೀ ಕೆಲಸದ ಗುರಿ ಒಂದೇ: ಕೊಂಡಿ ಕಳಚಬೇಕು, ಎಳೆ ಕಡಿಯಬಾರದು. ಮುಂದಿನ ಪ್ರತಿ ಹಂತವನ್ನೂ ಈ ಅಳತೆಗೋಲಿನಿಂದಲೇ ನೋಡಿ.

ಚರ್ಮದ ಆಯ್ಕೆ ಮತ್ತು ಶುಚಿ

ಎಳೆಯ ಪ್ರಾಣಿಯ ಚರ್ಮದಲ್ಲಿರುವ ಕೊಂಡಿಗಳಲ್ಲಿ ಹೆಚ್ಚಿನವು ದುರ್ಬಲ ಆಮ್ಲಕ್ಕೂ ಸಡಿಲಗೊಳ್ಳುತ್ತವೆ. ವಯಸ್ಸಾದಂತೆ ಅವು ಕಾವಿಗೂ ಆಮ್ಲಕ್ಕೂ ಜಗ್ಗದ ಕೊಂಡಿಗಳಾಗಿ ಮಾರ್ಪಡುತ್ತವೆ. ಎಳೆಯ ಹಂದಿಯ ಚರ್ಮಕ್ಕೆ ಆಮ್ಲ ಸಾಕಾಗಿ, ಬೆಳೆದ ದನದ ಚರ್ಮಕ್ಕೆ ಸುಣ್ಣದ ದೀರ್ಘ ಸಂಸ್ಕರಣೆ ಬೇಕಾಗುವುದಕ್ಕೆ ಇದೇ ಕಾರಣ. ಮೀನಿನ ಚರ್ಮದ ಲೆಕ್ಕ ಬೇರೆ. ತಣ್ಣೀರಿನ ಮೀನುಗಳ ಕೊಲಾಜೆನ್‌ನಲ್ಲಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಕಡಿಮೆ ಇರುವುದರಿಂದ ಹುರಿ ಬೇಗ ಬಿಚ್ಚುತ್ತದೆ. ಸಿಗುವ ಜೆಲ್ ಕೂಡ ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಕರಗಿಹೋಗುತ್ತದೆ. ಸಸ್ತನಿಗಳ ಜೆಲಟಿನ್ ಕರಗುವುದು 30 ಡಿಗ್ರಿಯ ಆಸುಪಾಸಿನಲ್ಲಿ. ಈ ಅಂತರವನ್ನು ಯಾವ ಸಂಸ್ಕರಣೆಯಿಂದಲೂ ಪೂರ್ತಿ ತುಂಬಲಾಗದು.

ಕೂದಲು, ಮಾಂಸ, ಕೊಬ್ಬುಗಳನ್ನು ಕೆರೆದು, ಉಪ್ಪು ಹೋಗುವವರೆಗೆ ತಣ್ಣೀರಿನಲ್ಲಿ ತೊಳೆದು, ಚರ್ಮವನ್ನು ಒಂದೇ ಗಾತ್ರದ ಸಣ್ಣ ತುಂಡುಗಳಾಗಿ ಕತ್ತರಿಸಿ. ಉಳಿದ ಕೊಬ್ಬು ಮುಂದೆ ದ್ರಾವಣವನ್ನು ಮಬ್ಬಾಗಿಸುತ್ತದೆ, ಕಮಟು ವಾಸನೆಯನ್ನೂ ತರುತ್ತದೆ.

ನೆನೆಸುವುದು: ಆಮ್ಲವೋ, ಸುಣ್ಣವೋ

ಜೆಲಟಿನ್‌ನ ಸ್ವಭಾವ ಬಹುಪಾಲು ನಿರ್ಧಾರವಾಗುವುದು ಇಲ್ಲಿ. ಆದರೂ ಅತಿ ಹೆಚ್ಚು ಅವಸರ ನಡೆಯುವುದೂ ಇಲ್ಲಿಯೇ ಎಂಬುದು ನನ್ನನ್ನು ಪ್ರತಿ ಸಲವೂ ಕಾಡುವ ಸಂಗತಿ.

ಆಮ್ಲದ ದಾರಿಯಲ್ಲಿ ಚರ್ಮವನ್ನು ದುರ್ಬಲ ಆಮ್ಲದ್ರಾವಣದಲ್ಲಿ ಸಾಮಾನ್ಯವಾಗಿ 10ರಿಂದ 48 ಗಂಟೆ ನೆನೆಸಲಾಗುತ್ತದೆ. ತೆಳುವಾದ ಮೀನಿನ ಚರ್ಮಕ್ಕೆ ಕೆಲವೇ ಗಂಟೆ ಸಾಕು. ದ್ರಾವಣ ತಯಾರಿಸುವಾಗ ಕೈಗವಸು ಧರಿಸಿ, ಆಮ್ಲವನ್ನೇ ನೀರಿಗೆ ನಿಧಾನವಾಗಿ ಸೇರಿಸಿ, ನೀರನ್ನು ಆಮ್ಲಕ್ಕೆ ಸುರಿಯಬೇಡಿ. ನೆನೆಯುತ್ತಾ ಹೋದಂತೆ ಬೆಳ್ಳಗೆ ಮಂಕಾಗಿದ್ದ ತುಂಡು ಉಬ್ಬಿ, ದಪ್ಪವಾಗಿ, ಗಾಜಿನಂತೆ ಪಾರಕವಾಗುತ್ತದೆ. ಒಂದು ತುಂಡನ್ನು ಅಡ್ಡಲಾಗಿ ಕೊಯ್ದು ನೋಡಿ: ನಡುವೆ ಬಿಳಿಯ ಗೆರೆ ಉಳಿದಿದ್ದರೆ ಆಮ್ಲ ಒಳಗಿನವರೆಗೆ ಇಳಿದಿಲ್ಲ ಎಂದರ್ಥ. ಆ ತುಂಡಿನಿಂದ ರಸ ಇಳಿಸಲು ಮುಂದೆ ಹೆಚ್ಚು ಕಾವು ಕೊಡಬೇಕಾಗುತ್ತದೆ, ಕಾವು ಹೆಚ್ಚಿದರೆ ಎಳೆ ಕಡಿಯುತ್ತದೆ. ಹಾಗೆಂದು ಆಮ್ಲವನ್ನು ತೀಕ್ಷ್ಣಗೊಳಿಸುವುದೂ ಸರಿಯಲ್ಲ, ಏಕೆಂದರೆ ಅದು ಕೊಂಡಿಯ ಜೊತೆಗೆ ಎಳೆಯನ್ನೂ ಕತ್ತರಿಸುತ್ತದೆ. ದ್ರಾವಣದಲ್ಲಿ ಉಪ್ಪು ಉಳಿದಿದ್ದರೆ ಚರ್ಮ ಉಬ್ಬುವುದೇ ಕುಂಠಿತವಾಗುತ್ತದೆ. ಮೊದಲು ಚೆನ್ನಾಗಿ ತೊಳೆಯಿರಿ ಎಂದದ್ದು ಇದಕ್ಕಾಗಿ.

ಸುಣ್ಣದ ದಾರಿ ನಿಧಾನದ್ದು. ತಂಪಾದ ಸುಣ್ಣದ ತಿಳಿಯಲ್ಲಿ ಚರ್ಮ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಈ ಅವಧಿಯಲ್ಲಿ ಕೊಂಡಿಗಳು ಸಡಿಲವಾಗುವುದಲ್ಲದೆ, ಆಸ್ಪರಜಿನ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳಾಗಿ ಬದಲಾಗುತ್ತವೆ, ಅಂದರೆ ಎಳೆಯ ಮೇಲಿನ ವಿದ್ಯುದಾವೇಶವೇ ಬದಲಾಗುತ್ತದೆ. ಹೀಗಾಗಿ ಆಮ್ಲದಿಂದ ಬಂದ ‘ಎ’ ಬಗೆಯ ಜೆಲಟಿನ್‌ನ ಧನ ಮತ್ತು ಋಣ ಆವೇಶಗಳು ಸಮವಾಗುವುದು ಪಿಎಚ್ 7ರಿಂದ 9ರ ನಡುವೆಯಾದರೆ, ಸುಣ್ಣದಿಂದ ಬಂದ ‘ಬಿ’ ಬಗೆಯಲ್ಲಿ ಸಮವಾಗುವುದು ಪಿಎಚ್ 5ರ ಸುಮಾರಿಗೆ. ಬಳಕೆಯಲ್ಲಿ ಇದರ ಪರಿಣಾಮ ದೊಡ್ಡದು. ಕ್ಯಾರಗೀನನ್‌ನಂತಹ ಋಣಾವೇಶದ ಅಂಟನ್ನು ‘ಎ’ ಬಗೆಯ ಜೆಲಟಿನ್‌ಗೆ ಬೆರೆಸಿದಾಗ ದ್ರಾವಣ ಒಡೆದು ಗಸಿಯಾಗಬಹುದು. ‘ಬಿ’ ಬಗೆಗೆ ಅದನ್ನೇ ತಟಸ್ಥ ಪಿಎಚ್‌ನಲ್ಲಿ ಬೆರೆಸಿದಾಗ ಈ ತೊಂದರೆ ಬಹಳ ಕಡಿಮೆ. ಆವೇಶ ಸಮವಾಗುವ ಆ ಬಿಂದುವಿನ ಬಳಿ ಯಾವ ಜೆಲಟಿನ್ ಆದರೂ ಹೆಚ್ಚು ಮಬ್ಬಾಗುತ್ತದೆ, ಅದರ ಸ್ನಿಗ್ಧತೆಯೂ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ.

ನೆನೆಸಿದ್ದು ಆಮ್ಲದಲ್ಲೇ ಇರಲಿ, ಸುಣ್ಣದಲ್ಲೇ ಇರಲಿ, ಆಮೇಲೆ ಹಲವು ನೀರಿನಲ್ಲಿ ತೊಳೆದು ಪಿಎಚ್ ಸರಿಪಡಿಸಬೇಕು. ಸುಣ್ಣ ಉಳಿದರೆ ಜೆಲಟಿನ್‌ನಲ್ಲಿ ಬೂದಿಯಂಶ ಏರುತ್ತದೆ.

ರಸ ಇಳಿಸುವುದು

ತೊಳೆದ ಚರ್ಮವನ್ನು ಬಿಸಿನೀರಿನಲ್ಲಿಟ್ಟು ರಸ ಇಳಿಸುವಾಗ ಕಾವು, ಹೊತ್ತು ಮತ್ತು ಪಿಎಚ್ ಮೂರನ್ನೂ ಒಟ್ಟಿಗೆ ಗಮನಿಸಬೇಕು. ಮೊದಲ ರಸವನ್ನು 50ರಿಂದ 60 ಡಿಗ್ರಿಯಲ್ಲಿ ಕೆಲವು ಗಂಟೆಗಳಲ್ಲಿ ತೆಗೆಯುತ್ತಾರೆ. ಅದನ್ನು ಬಸಿದು, ಹೊಸ ನೀರು ಹಾಕಿ, ಪ್ರತಿ ಸಲವೂ 5ರಿಂದ 10 ಡಿಗ್ರಿ ಏರಿಸುತ್ತಾ ಎರಡನೆಯ, ಮೂರನೆಯ ರಸಗಳನ್ನು ಪಡೆಯುತ್ತಾರೆ. ಕೊನೆಯದು ಕುದಿಯುವ ಮಟ್ಟದ ಹತ್ತಿರಕ್ಕೆ ಹೋಗುತ್ತದೆ. ಮೊದಲ ರಸದ ಜೆಲಟಿನ್ ಅತ್ಯಂತ ಗಟ್ಟಿ, ತಿಳಿ, ಬಣ್ಣರಹಿತ. ಕೊನೆಯದು ದುರ್ಬಲ ಮತ್ತು ಕಂದು. ಪ್ರಮಾಣ ಹೆಚ್ಚಲೆಂದು ಮೊದಲ ಸಲಕ್ಕೇ 80 ಡಿಗ್ರಿಗೆ ಏರಿಸುವುದು ಒಳ್ಳೆಯ ಚರ್ಮಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ, ಏಕೆಂದರೆ ಒಮ್ಮೆ ಕಡಿದ ಎಳೆಯನ್ನು ಮತ್ತೆ ಕೂಡಿಸುವ ಉಪಾಯವಿಲ್ಲ. ಕಡಿಮೆ ಕಾವಿನಲ್ಲೂ ಹೊತ್ತು ಮೀರಿದರೆ ಹಾನಿಯಾಗುತ್ತದೆ: ಮೊದಲೇ ಕರಗಿದ ಎಳೆಗಳು ಉಳಿದವು ಕರಗುವವರೆಗೆ ಬಿಸಿಯಲ್ಲೇ ಕಾಯುತ್ತಾ ತುಂಡಾಗುತ್ತವೆ. ಪಿಎಚ್ ಬಹಳ ಇಳಿದಿದ್ದರೆ ಈ ತುಂಡಾಗುವಿಕೆ ಇನ್ನೂ ಚುರುಕಾಗುತ್ತದೆ. ಮೀನಿನ ಚರ್ಮಕ್ಕೆ 45 ಡಿಗ್ರಿಯೇ ಸಾಕು.

ಸೋಸಿ, ಇಂಗಿಸಿ, ಒಣಗಿಸುವುದು

ಬಿಸಿ ಇರುವಾಗಲೇ ಸೋಸಿ, ನಿರ್ವಾತದಲ್ಲಿ ಕಡಿಮೆ ಕಾವಿನಿಂದ ನೀರಿಂಗಿಸಿ, ತಣಿಸಿ ಹೆಪ್ಪುಗಟ್ಟಿಸಿ, ಶಾವಿಗೆಯಂತೆ ಎಳೆ ತೆಗೆದು ಒಣಗಾಳಿಗೆ ಒಡ್ಡಬೇಕು. ಗಾಳಿ ಆರಂಭದಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿರಲಿ, ಇಲ್ಲವಾದರೆ ಶಾವಿಗೆ ಕರಗಿ ಮುದ್ದೆಯಾಗುತ್ತದೆ. ತೇವ ಇಳಿದಂತೆ ಕರಗುವ ಉಷ್ಣತೆ ಏರುವುದರಿಂದ ಕೊನೆಗೆ 60 ಡಿಗ್ರಿಯವರೆಗೆ ಹೋಗಬಹುದು. ತೇವಾಂಶ ಶೇ 10ರಿಂದ 12ಕ್ಕೆ ಬಂದಾಗ ನಿಲ್ಲಿಸಿ. ಇನ್ನೂ ಕಾಯಿಸಿದರೆ ಎಳೆಗಳ ನಡುವೆ ಹೊಸ ಕೊಂಡಿಗಳು ಹುಟ್ಟಿ, ಪುಡಿ ಮುಂದೆ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ.

ಅಳೆದು ನೋಡುವುದು

ಜೆಲ್‌ನ ಬಲವನ್ನು ಬ್ಲೂಮ್ ಎಂಬ ಮಾನದಿಂದ ಅಳೆಯುತ್ತಾರೆ. 7.5 ಗ್ರಾಂ ಜೆಲಟಿನ್ ಅನ್ನು 105 ಮಿಲಿಲೀಟರ್ ತಣ್ಣೀರಿನಲ್ಲಿ ನೆನೆಸಿ, ಸುಮಾರು 65 ಡಿಗ್ರಿಯಲ್ಲಿ ಕರಗಿಸಿ, 10 ಡಿಗ್ರಿಯಲ್ಲಿ 16ರಿಂದ 18 ಗಂಟೆ ಅಲುಗಾಡಿಸದೆ ಇಡಬೇಕು. ಬಳಿಕ 12.7 ಮಿಲಿಮೀಟರ್ ವ್ಯಾಸದ ಚಪ್ಪಟೆ ಕೊರಡು ಜೆಲ್‌ನ ಮೇಲ್ಮೈಯನ್ನು 4 ಮಿಲಿಮೀಟರ್ ಒತ್ತಲು ಎಷ್ಟು ಗ್ರಾಂ ಭಾರ ಬೇಕೋ ಅದೇ ಬ್ಲೂಮ್ ಅಂಕ. ಮಾರಾಟದ ಜೆಲಟಿನ್‌ಗಳು ಹೆಚ್ಚಾಗಿ 50ರಿಂದ 300ರ ನಡುವೆ ಇರುತ್ತವೆ. ಎಳೆಗಳು ನಿಧಾನವಾಗಿ ಹುರಿಗೊಳ್ಳುವುದರಿಂದ ನಾಲ್ಕೈದು ಗಂಟೆಗೇ ಅಳೆದರೆ ಅಂಕ ಸುಳ್ಳಾಗುತ್ತದೆ. ತಂಪಿನಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೂ ಹೋಲಿಕೆ ಕೆಡುತ್ತದೆ.

ಬ್ಲೂಮ್ ಜೊತೆಗೆ 60 ಡಿಗ್ರಿಯಲ್ಲಿ ಸ್ನಿಗ್ಧತೆಯನ್ನೂ ಅಳೆಯಿರಿ, ಏಕೆಂದರೆ ತಪ್ಪು ಯಾವ ಹಂತದಲ್ಲಿ ಆಯಿತೆಂದು ಹುಡುಕಲು ಒಂದೇ ಅಂಕ ಸಾಲದು. ಎರಡೂ ಬಿದ್ದಿದ್ದರೆ ಆಮ್ಲದ ತೀಕ್ಷ್ಣತೆ, ರಸ ಇಳಿಸಿದ ಕಾವು, ಹಿಡಿದ ಹೊತ್ತು ಇವುಗಳನ್ನು ಪರೀಕ್ಷಿಸಿ. ಎರಡೂ ಚೆನ್ನಾಗಿದ್ದು ಸಿಕ್ಕ ಪ್ರಮಾಣ ಮಾತ್ರ ಕಡಿಮೆಯಾಗಿದ್ದರೆ, ಕಾವು ಏರಿಸುವ ಮೊದಲು ನೆನೆಸಿದ ಚರ್ಮದ ಒಂದು ತುಂಡನ್ನು ಕೊಯ್ದು, ನಡುವೆ ಆ ಬಿಳಿಯ ಗೆರೆ ಉಳಿದಿದೆಯೇ ನೋಡಿ.